ದಾನವೂ ತೆರಿಗೆಯೂ



ಅಮೇರಿಕಾದ ಅರಿಜೋನಾ ಸಂಸ್ಥಾನವು 1997ರಲ್ಲಿ ಒಂದು ಕಾನೂನನ್ನು ಮಾಡಿತು. ಖಾಸಗೀ ಶಾಲೆಗಳ ವಿದ್ಯಾರ್ಥಿವೇತನ ಸಂಘಕ್ಕೆ ಒಬ್ಬನು ಮೊದಲಲ್ಲಿ 500 ಡಾಲರುಗಳವರೆಗೆ ಕೊಟ್ಟರೆ, ಕೊಟ್ಟಷ್ಟೂ ಅವನ ತೆರಿಗೆಯಲ್ಲಿ ವಜಾ ಆಗುತ್ತಿದ್ದಿತು. ತಾಯಿತಂದೆಗಳಿಗೆ ಶಾಲೆಯನ್ನು ಆರಿಸಿಕೊಳ್ಳುವ ಅನುಕೂಲವು ಲಭಿಸಿತು. ಬೊಕ್ಕಸದ ಹಣವೇ ಹೀಗೆ ಮತೀಯ ಶಾಲೆಗಳಿಗೆ ಹೋಗುತ್ತಿದೆಯೆಂದು ಕೆಲವು ತೆರಿಗೆದಾರರು ದಾವೆ ಹೂಡಿದರು. ಅದು ದಾನಿಯ ಸ್ವಂತ ಹಣ, ವಾದಿಗಳಿಗೆ ದಾವೆಯ ಅಧಿಕಾರವಿಲ್ಲವೆಂದು 2011ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಐವರ ಬಹುಮತದಿಂದ ನಿರ್ಣಯಿಸಿತು, ನಾಲ್ವರು ಒಪ್ಪಲಿಲ್ಲ.

ದಾವೆಯು ಮುಗಿಯಿತು, ಧರ್ಮದ ಪ್ರಶ್ನೆಯು ಮುಗಿಯಲಿಲ್ಲ. ಕೊಟ್ಟುದೆಲ್ಲವೂ ಮರಳಿ ಬಂದ ಮೇಲೆ ದಾನಿಯು ಕಳೆದುಕೊಂಡುದೇನು? ದಾಸೋಹದಲ್ಲಿ ‘ನಾನು ಕೊಟ್ಟೆ’ನೆಂಬ ಭಾವವೇ ಸಲ್ಲದು. ಆದುದರಿಂದ ಅಂಥ ಹಣದ ಲೆಕ್ಕವನ್ನು ಬೇರೆ ಶಾಲೆಯನ್ನು ಸೇರಿದ ಮಗುವಿಗೂ, ಸರಕಾರೀ ಶಾಲೆಯಲ್ಲಿಯೇ ಉಳಿದ ಮಗುವಿಗೂ ಸಮನಾಗಿ ಒಪ್ಪಿಸತಕ್ಕದ್ದು.