ಅಳಿಲಿನ ಬೇಟೆಯೂ ಸೊಳ್ಳೆಯ ಕಾಟವೂ



ಬೇಟೆಯ ಸುಖವನ್ನೂ ಕಷ್ಟವನ್ನೂ ಒಂದೇ ಕಡೆ ತೂಗಿ ನೋಡಬೇಕೆನ್ನುವವರು ಶಾಕುಂತಲದ ಎರಡನೆಯ ಅಂಕವನ್ನು ಓದಬೇಕು. ಅಲ್ಲಿ ಸೇನಾಪತಿಯು ಮೃಗಯೆಯಿಂದ ಮೈ ಹಗುರವಾಗುವುದನ್ನೂ ಗುರಿ ಪಳಗುವುದನ್ನೂ ಹೊಗಳುತ್ತಾನೆ; ವಿದೂಷಕನು ಕೀಲುನೋವನ್ನೂ ನಿದ್ದೆಗೇಡನ್ನೂ ಕಾಡಿನ ಕೆಟ್ಟ ನೀರನ್ನೂ ಹಳಿಯುತ್ತಾನೆ. ಆದರೆ ಇಷ್ಟೆಲ್ಲ ಗೊಣಗಿದ ವಿದೂಷಕನೂ ಸೊಳ್ಳೆಯ ಹೆಸರನ್ನೆತ್ತುವುದಿಲ್ಲ. ರಥವೇರಿ ಜಿಂಕೆಯ ಬೆನ್ನಟ್ಟಿದವರ ಹಿಂದೆ ಸೊಳ್ಳೆ ಓಡಲಾರದೆಂದು ತೋರುತ್ತದೆ. ನಾನು ಈ ಸಂಜೆ ಹೇಳಹೊರಟಿರುವ ಬೇಟೆಯಲ್ಲಿ ಅಟ್ಟುವ ಮಾತೇ ಇಲ್ಲ. ಅಲುಗದೆ ಕುಳಿತಿರುವುದೇ ಅದರ ಸರ್ವಸ್ವ. ಕುಳಿತವನಿಗೆ ಸೊಳ್ಳೆ ತಪ್ಪಿದ್ದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಳಿಲುಬೇಟೆ ಅದು.

ಸೇತುವೆಗೆ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮನು ಸವರಿದನೆಂಬ ಕಥೆಯನ್ನು ಕೇಳಿ ಬೆಳೆದವರು ನಾವು. ಅಳಿಲಿಗೆ ಕೋವಿಯ ಗುರಿಯಿಡುವುದೆಂದರೆ ನಮ್ಮ ಮನಸ್ಸು ಹಿಂದೆಗೆಯುವುದು ಸಹಜ. ಕೆಂಟಕಿ, ಟೆನೆಸಿ, ವರ್ಜೀನಿಯ, ಮಿಸೌರಿ ಮೊದಲಾದ ಪ್ರಾಂತಗಳವರಿಗಾದರೋ ಅದು ತಲೆತಲಾಂತರದಿಂದ ಬಂದ ಆಹಾರ. ವರ್ಜೀನಿಯದ ಬ್ರನ್ಸ್‌ವಿಕ್ ಸ್ಟೂ ಎಂಬ ಪ್ರಸಿದ್ಧವಾದ ಅಡಿಗೆಯು ಮೊದಲಿಗೆ ಅಳಿಲಿನ ಮಾಂಸದಿಂದಲೇ ಆದುದೆಂದು ಪ್ರತೀತಿ. ಅಲ್ಲಿಯ ಅಳಿಲುಗಳೂ ನಮ್ಮ ಅಂಗಳದ ಮೂರು ಪಟ್ಟೆಯ ಮರಿಯಂಥವಲ್ಲ. ಬೂದು ಅಳಿಲು ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ. ನರಿಯ ಬಣ್ಣದ ಇನ್ನೊಂದು ಜಾತಿ ಒಂದು ಕಿಲೋಗ್ರಾಮಿನವರೆಗೂ ಬೆಳೆಯುವುದುಂಟು. ಬೇಟೆಯ ಕಾಲವನ್ನೂ ದಿನಕ್ಕೆ ಇಷ್ಟೇ ಎಂಬ ಮಿತಿಯನ್ನೂ ಆಯಾ ಪ್ರಾಂತದ ಸರ್ಕಾರ ಗೊತ್ತುಮಾಡುತ್ತದೆ. ಅನೇಕ ಕಡೆಗಳಲ್ಲಿ ಅದು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ, ಎಂದರೆ ಬೇಸಗೆಯ ಸೆಕೆ ಇನ್ನೂ ಇಳಿಯದಿರುವಾಗಲೇ, ಮೊದಲಾಗುತ್ತದೆ.

ಬಲ್ಲ ಬೇಟೆಗಾರನು ಕಾಡಿಗೆ ಹೋದೊಡನೆ ಅಳಿಲನ್ನು ಹುಡುಕುವುದಿಲ್ಲ, ಮರವನ್ನು ಹುಡುಕುತ್ತಾನೆ. ಋತುವಿನ ಮೊದಲಲ್ಲಿ ಹಿಕರಿ ಮರ, ಆಮೇಲೆ ಬಿಳಿಯ ಓಕ್. ಹಿಕರಿಯ ಕಾಯಿಯನ್ನು ಅಳಿಲು ಕೊರೆಯುವಾಗ ಸಿಪ್ಪೆಯ ಚೂರುಗಳು ಎಲೆಯಿಂದೆಲೆಗೆ ತಗುಲುತ್ತ ತುಂತುರುಮಳೆಯ ಸದ್ದಿನಿಂದ ಬೀಳುತ್ತವೆ. ನೆಲದ ಮೇಲಣ ಚೂರು ಹಸಿಯಾಗಿದ್ದರೆ ಅಳಿಲು ಇಂದು ಬಂದಿದೆ. ಕಂದಿದ್ದರೆ ಆ ಮರವನ್ನು ಬಿಟ್ಟು ಮುಂದೆ ಹೋಗಬೇಕು. ಓಕ್ ಮರದ ವಿಚಾರದಲ್ಲಿ ಅಳಿಲಿನ ಜಾಣತನ ನಮ್ಮ ರೈತರು ಮೆಚ್ಚುವಂಥದು. ಕೆಂಪು ಓಕಿನ ಬೀಜ ಮುಂದಿನ ವಸಂತದವರೆಗೆ ಮೊಳೆಯುವುದಿಲ್ಲವಾದ್ದರಿಂದ ಅದನ್ನು ಹಾಗೆಯೇ ಹೂಳುತ್ತದೆ. ಬಿಳಿಯ ಓಕಿನ ಬೀಜ ಉದುರಿದ ಕೆಲವು ದಿನಗಳಲ್ಲೇ ಮೊಳೆತು ಕೆಡುತ್ತದೆ. ಅದನ್ನು ಸ್ಥಳದಲ್ಲೇ ತಿನ್ನುತ್ತದೆ, ಇಲ್ಲವೆ ಮೊಳಕೆಯ ಕಣ್ಣನ್ನು ಹಲ್ಲಿನಿಂದ ಕಿತ್ತು ಆಮೇಲೆ ಹೂಳುತ್ತದೆ. ಹೂತಿಟ್ಟು ಮತ್ತೆ ತೆಗೆಯದೆ ಉಳಿದ ಬೀಜಗಳಿಂದ ಎದ್ದ ಮರಗಳು ಆ ಕಾಡುಗಳಲ್ಲಿ ಅಸಂಖ್ಯಾತ.

ಮರ ಸಿಕ್ಕಿತು. ಇನ್ನು ಅದಕ್ಕೆ ಕೋವಿಯಳತೆಯ ದೂರದಲ್ಲಿ ಬೇರೊಂದು ಬೊಡ್ಡೆಗೆ ಒರಗಿ ಕುಳಿತುಬಿಡಬೇಕು. ಮನುಷ್ಯನ ಹೆಜ್ಜೆಯ ಸದ್ದಿಗೆ ಕಾಡೆಲ್ಲ ಮೌನವಾಗಿರುತ್ತದೆ. ಕಾಲುಗಂಟೆ ಇಪ್ಪತ್ತು ನಿಮಿಷ ಕಳೆದರೆ ಮತ್ತೆ ತನ್ನ ಕೆಲಸಕ್ಕೆ ತೊಡಗುತ್ತದೆ. ಅಳಿಲಿನ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಹಿಂದುಮುಂದೆಲ್ಲ ಅದಕ್ಕೆ ಕಾಣುತ್ತದೆ. ಕದಲದ ಮನುಷ್ಯನನ್ನು ಅದು ಮರದ ಬುಡವೆಂದು ಬಗೆದರೂ ಬಗೆದೀತು. ಕದಲಿದ ಬೆರಳನ್ನು ಮಾತ್ರ ಬಿಡುವುದಿಲ್ಲ. ಕಂಡೊಡನೆ ಕೊಂಬೆಯ ಆಚೆಯ ಮಗ್ಗುಲಿಗೆ ಸರಿದು ತೊಗಟೆಗೆ ಅಂಟಿಕೊಳ್ಳುತ್ತದೆ. ನೀವು ಮರವನ್ನು ಸುತ್ತಿದರೆ ಅದೂ ನಿಮಗೆದುರಾಗಿ ಸುತ್ತುತ್ತದೆ. ಇಬ್ಬರಿದ್ದರೆ ಉಪಾಯ ಸುಲಭ: ಒಬ್ಬನು ಕುಳಿತೇ ಇರಲಿ, ಇನ್ನೊಬ್ಬನು ಎಲೆ ಸದ್ದುಮಾಡುತ್ತ ಸುತ್ತಿ ಬರಲಿ, ಅಳಿಲು ನಡೆಯುವವನಿಂದ ತಪ್ಪಿಸಿಕೊಳ್ಳಲು ಕುಳಿತವನ ಕಡೆಗೆ ತಾನಾಗಿ ಬರುತ್ತದೆ. ಒಬ್ಬನೇ ಇದ್ದರೆ ಆಚೆಯ ಕಡೆಗೆ ಒಂದು ಕಲ್ಲನ್ನೆಸೆದು ನೋಡಬಹುದು. ಮಳೆ ನಿಂತ ಮುಂಜಾನೆ ಇದಕ್ಕೆ ಅತ್ಯುತ್ತಮ. ಒದ್ದೆಯ ಎಲೆ ಹೆಜ್ಜೆಗೆ ಸದ್ದುಮಾಡುವುದಿಲ್ಲ.

ಗುರಿಯ ಮಾತು ಬಂದಾಗ ಅಮೆರಿಕದವರು ಡೇನಿಯಲ್ ಬೂನನ ಹೆಸರನ್ನು ಹೇಳದೆ ಬಿಡುವುದಿಲ್ಲ. ಬೂನನು ಗುಂಡನ್ನು ಅಳಿಲಿಗೆ ತಗುಲಿಸದೆ ಅದರ ಕಾಲಕೆಳಗಿನ ತೊಗಟೆಗೆ ಹೊಡೆದು, ಆ ಆಘಾತದಿಂದಲೇ ಕೆಡಹುತ್ತಿದ್ದುದನ್ನು ತಾನು ಕೆಂಟಕಿಯಲ್ಲಿ ಕಂಡೆನೆಂದು ಪಕ್ಷಿಚಿತ್ರಕಾರನಾದ ಆಡುಬಾನನು ಬರೆದಿದ್ದಾನೆ. ಆಡುಬಾನನು ಕೆಂಟಕಿಗೆ ಬರುವ ಹೊತ್ತಿಗೆ ಬೂನನು ಮಿಸೌರಿಗೆ ಹೋಗಿ ಕೆಲವು ವರ್ಷಗಳಾಗಿದ್ದುವೆಂಬ ತೊಡಕೊಂದಿದೆ. ಬೇಟೆಗಾರರ ಕಥೆಗಳಿಗೆ ಇಂಥ ತೊಡಕುಗಳು ಎಲ್ಲ ದೇಶದಲ್ಲಿಯೂ ಉಂಟು. ಇಂದು ಬಳಸುವುದು ಸಾಮಾನ್ಯವಾಗಿ .22 ರೈಫಲು. ಅದರ ಸಣ್ಣ ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲುದು. ಆದಕಾರಣ ಹಿಂದೆ ಬೊಡ್ಡೆಯೋ ದಪ್ಪ ಕೊಂಬೆಯೋ ಇಲ್ಲದೆ ಬರಿಯ ಆಕಾಶಕ್ಕೆ ಎದುರಾಗಿ ಹಾರಿಸಕೂಡದು.

ಈಗ ಸೊಳ್ಳೆಯ ವಿಚಾರ. ಇಪ್ಪತ್ತು ನಿಮಿಷ ಕಲ್ಲಾಗಿ ಕುಳಿತವನ ಕಿವಿಯ ಬಳಿ ಆ ರಾಗ ಎದ್ದಿತೆನ್ನಿ. ಕೈ ತಾನಾಗಿ ಏಳುತ್ತದೆ. ಆ ಒಂದು ಏಟಿನಿಂದ ಸೊಳ್ಳೆ ಸತ್ತರೂ ಸಾಯಬಹುದು. ಬೆಳಗಿನ ಬೇಟೆಯಂತೂ ಮುಗಿಯಿತು. ಹೀಗಿರುವುದರಿಂದ ಸೊಳ್ಳೆಯನ್ನು ದೂರವಿಡುವುದು ಅಲ್ಲಿ ಕೋವಿಯಷ್ಟೇ ಅವಶ್ಯವಾದ ಸಾಮಗ್ರಿಯೆನಿಸಿದೆ. ಆದರೆ ಪ್ರಶ್ನೆ ಬೇಟೆ ಕೆಡುವುದರಲ್ಲಿಯೇ ನಿಲ್ಲುವುದಿಲ್ಲ.

ಆ ಓಕ್ ಕಾಡುಗಳ ಮರದ ಪೊಟರೆಗಳಲ್ಲಿ ಮಳೆಯ ನೀರು ನಿಲ್ಲುತ್ತದೆ. ಅದರಲ್ಲಿ ಹುಟ್ಟುವ ಸೊಳ್ಳೆಯೊಂದುಂಟು. ಶಾಸ್ತ್ರಜ್ಞರು ಅದನ್ನು ಈಡಿಸ್ ಟ್ರೈಸೀರಿಯೇಟಸ್ ಎನ್ನುತ್ತಾರೆ. ಇದು ರಾತ್ರಿಯದಲ್ಲ, ಹಗಲಿನದು; ಬೆಳಗ್ಗೆ ಮತ್ತು ಸಂಜೆಯ ಮುಂಚೆ ಇದರ ಕಚ್ಚಾಟ ಹೆಚ್ಚು. ಅಳಿಲು ಇಳಿದು ಬರುವ ಹೊತ್ತೂ ಅದೇ ತಾನೆ? ಈ ಸೊಳ್ಳೆ ಲಾ ಕ್ರಾಸ್ ಎಂಬ ವೈರಸ್ಸನ್ನು ಹೊತ್ತಿರುವುದುಂಟು. 1960ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಲಾ ಕ್ರಾಸ್ ಪಟ್ಟಣದಲ್ಲಿ ಮೃತಪಟ್ಟ ಮಗುವೊಂದರ ಮಿದುಳಿನಲ್ಲಿ ಅದನ್ನು ಕಂಡುಹಿಡಿದುದರಿಂದ ಆ ಹೆಸರು ಬಂದಿತು. ಕಾಡಿನಲ್ಲಿ ಈ ವೈರಸ್ಸು ಬೆಳೆಯುವುದು ಯಾರ ರಕ್ತದಲ್ಲಿ? ಬೆನ್ನಿನ ಮೇಲೆ ಪಟ್ಟೆಗಳುಳ್ಳ ಚಿಪ್‌ಮಂಕ್ ಎಂಬ ನೆಲದಳಿಲಿನಲ್ಲಿ, ಮತ್ತು ಮರದ ಬೂದು ಅಳಿಲಿನಲ್ಲಿ. ಅವಕ್ಕೆ ಅದರಿಂದ ಬಾಧೆ ತೋರದು. ಅವುಗಳ ರಕ್ತ ಕುಡಿದ ಸೊಳ್ಳೆಯು ವೈರಸ್ಸನ್ನು ತನ್ನ ಮೊಟ್ಟೆಗಳಿಗೂ ದಾಟಿಸುತ್ತದೆ. ಮೊಟ್ಟೆಗಳು ಚಳಿಗಾಲವನ್ನು ಪೊಟರೆಯಲ್ಲಿಯೇ ಕಳೆದು, ವಸಂತದಲ್ಲಿ ರೋಗಸಮೇತವಾಗಿ ಒಡೆಯುತ್ತವೆ. ಹೀಗೆ ಅಳಿಲು ಯಾವ ಮರದಲ್ಲಿಯೋ ಅದರ ರೋಗವೂ ಆ ಮರದಲ್ಲಿಯೇ. ಸೋಂಕಿದವರಲ್ಲಿ ಬಹುಮಂದಿಗೆ ಏನೂ ಆಗುವುದಿಲ್ಲ. ತೀವ್ರವಾದ ಮಿದುಳುಜ್ವರ ಬರುವುದು ಹೆಚ್ಚಾಗಿ ಹದಿನಾರು ವರ್ಷದೊಳಗಿನ ಮಕ್ಕಳಿಗೆ. ವರದಿಯಾಗುವ ಪ್ರಕರಣಗಳು ವರ್ಷಕ್ಕೆ ಸಾಮಾನ್ಯವಾಗಿ ನೂರರೊಳಗೆ. ಇದಕ್ಕೆ ಲಸಿಕೆಯಾಗಲಿ ನೇರವಾದ ಔಷಧವಾಗಲಿ ಇಲ್ಲ. ಅಮೆರಿಕದ ಹಳ್ಳಿಗಾಡಿನಲ್ಲಿ ತಂದೆಯು ಮಗನ ಕೈಗೆ ಮೊದಲ ಬಾರಿಗೆ ಕೋವಿ ಕೊಟ್ಟು ಕಾಡಿಗೆ ಕರೆದೊಯ್ಯುವುದು ಬಹುಮಟ್ಟಿಗೆ ಅಳಿಲುಬೇಟೆಗೇ ಎಂಬುದನ್ನು ನೆನೆದರೆ, ಸೊಳ್ಳೆಯ ಮಾತನ್ನು ನಾನು ಇಷ್ಟು ಬೆಳೆಸಿದುದು ಅತಿಯಾಯಿತೆಂದು ನೀವು ಹೇಳಲಾರಿರಿ.

ಸೊಳ್ಳೆಯನ್ನು ಹುಟ್ಟಿದಲ್ಲಿಯೇ ಅಡಗಿಸುವ ಮಾರ್ಗಕ್ಕೆ ನಮ್ಮ ಬೆಂಗಳೂರಿನದೇ ಒಂದು ನಿದರ್ಶನವಿದೆ. 1883ರಲ್ಲಿ ಅಲ್ಲಿಯ ದಂಡಿನಲ್ಲಿ ಹಂಗಾಮಿ ವೈದ್ಯನಾಗಿದ್ದ ರೊನಾಲ್ಡ್ ರಾಸನಿಗೆ ತನ್ನ ಬಂಗಲೆಯ ಸೊಳ್ಳೆಗಳೆಲ್ಲ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಿಂದ ಬರುತ್ತಿರುವುದು ತಿಳಿದು, ಅದನ್ನು ಬೋರಲು ಹಾಕಿಸಿದನು, ಸೊಳ್ಳೆಗಳು ತೊಲಗಿದುವು. ಉಳಿದ ತೊಟ್ಟಿಗಳನ್ನೂ ಹಾಗೆ ಮಾಡೋಣವೆಂದರೆ, ಸೃಷ್ಟಿಯ ವ್ಯವಸ್ಥೆಯಲ್ಲಿ ಸೊಳ್ಳೆಗೂ ಏನೋ ಕೆಲಸವಿದ್ದೀತೆಂದು ದಂಡಿನ ಅಧಿಕಾರಿ ಒಪ್ಪಲಿಲ್ಲವಂತೆ! ಮನೆಯ ಸುತ್ತಣ ತೊಟ್ಟಿ, ಹಳೆಯ ಟೈರು, ಹಿತ್ತಿಲ ಮರದ ಪೊಟರೆ, ಇವುಗಳಿಗೆ ರಾಸನ ಉಪಾಯ ಸಾಕು. ಹತ್ತು ಮೈಲಿಯ ಕಾಡಿನ ಪೊಟರೆಗಳನ್ನು ಯಾರು ಬೋರಲು ಹಾಕುವರು? ಅಲ್ಲಿ ಮೈಯನ್ನೇ ಕಾಯ್ದುಕೊಳ್ಳಬೇಕು.

ಕಚ್ಚುವುದು ಹೆಣ್ಣುಸೊಳ್ಳೆ ಮಾತ್ರ. ನಮ್ಮ ಉಸಿರಿನ ಇಂಗಾಲಾಮ್ಲ ವಾಯು, ಮೈಯ ವಾಸನೆ, ಬಿಸಿ, ಬಟ್ಟೆಯ ಕಪ್ಪು ಬಣ್ಣ, ಇವೇ ಅದಕ್ಕೆ ದಾರಿ ತೋರುವುವು. ಒತ್ತಾಗಿ ನೇಯ್ದ, ಮೈಗೆ ಬಿಗಿಯದ, ಕಡುಬಣ್ಣವಲ್ಲದ ಉದ್ದತೋಳಿನ ಅಂಗಿಯೂ ಟೋಪಿಯಿಂದಿಳಿಬಿಟ್ಟ ತೆಳುಬಲೆಯೂ ಮೊದಲ ಕೋಟೆ. ಬಲೆ ಮುಖವನ್ನು ಅಳಿಲಿನಿಂದಲೂ ಮರೆಮಾಡುವುದೊಂದು ಲಾಭ. ಬಟ್ಟೆಗೆ ಪರ್ಮೆಥ್ರಿನ್ ಎಂಬ ದ್ರವವನ್ನು ಹಿಂದಿನ ದಿನವೇ ಸಿಂಪಡಿಸಿ ಒಣಗಿಸಿಡುತ್ತಾರೆ. ಹಲವು ಒಗೆತಗಳವರೆಗೆ ನಿಲ್ಲುತ್ತದೆ. ಸೇವಂತಿಗೆಯ ಜಾತಿಯ ಹೂವೊಂದರ ಸತ್ತ್ವವನ್ನು ಅನುಕರಿಸಿ ಮಾಡಿದ ವಸ್ತುವಿದು; ಚರ್ಮಕ್ಕೆ ಹಚ್ಚತಕ್ಕದ್ದಲ್ಲ, ಬೆಕ್ಕಿಗೂ ಮೀನಿಗೂ ವಿಷ. ಚರ್ಮಕ್ಕೆ ಡೀಟ್. ಅಮೆರಿಕದ ಸೈನ್ಯಕ್ಕಾಗಿ 1946ರಲ್ಲಿ ಸಿದ್ಧವಾಗಿ 1957ರಲ್ಲಿ ಸಾರ್ವಜನಿಕರಿಗೆ ದೊರೆತ ಈ ಲೇಪವು ನೂರಕ್ಕೆ 25-30 ಪಾಲಿನದಾದರೆ ನಾಲ್ಕೈದು ಗಂಟೆ ಕಾಯುತ್ತದೆ. ಆದರೆ ಅಂಗೈಗೆ ಹಚ್ಚಿಕೊಂಡು ಕೋವಿಯನ್ನು ಹಿಡಿದರೆ ಹಿಡಿಯ ಮೆರುಗೆಣ್ಣೆ ಅಳಿಯುತ್ತದೆ, ಗಡಿಯಾರದ ಪ್ಲಾಸ್ಟಿಕ್ಕು ಕರಗುತ್ತದೆ, ಅಂಗೈಯನ್ನು ಒರೆಸಿಕೊಳ್ಳಲೇಬೇಕು. ಇದು ಸಲ್ಲದವರಿಗೆ ಪಿಕಾರಿಡಿನ್ ಒಳ್ಳೆಯದು, ವಾಸನೆಯೂ ಕಡಮೆ. ಕುಳಿತ ಜಾಗದಲ್ಲಿ ಥರ್ಮಾಸೆಲ್ ಎಂಬ ಕೈಯಳತೆಯ ಒಲೆಯನ್ನಿಡುವವರೂ ಇದ್ದಾರೆ; ಗಾಳಿ ಬೀಸಿದರೆ ಅದು ನಿಷ್ಪ್ರಯೋಜಕ. ಮಜ್ಜಿಗೆಹುಲ್ಲಿನ ಜಾತಿಯ ಎಣ್ಣೆಗಳ ಪರಿಮಳ ಹಿತವೇನೋ ಹೌದು, ಬಲ ಬೇಗನೆ ಉಡುಗುತ್ತದೆ.

ಇವೆಲ್ಲಕ್ಕಿಂತ ಅಗ್ಗದ ಉಪಾಯವನ್ನು ಹಳಬರು ಬಲ್ಲರು: ಮೊದಲ ಹೆಪ್ಪುಮಂಜು ಬೀಳುವವರೆಗೆ ಕಾಯುವುದು. ಹಾರಾಡುವ ಸೊಳ್ಳೆ ಆಗ ನಾಶವಾಗುತ್ತದೆ. ಬೇಸಗೆಯ ಕೊನೆಯಲ್ಲಿ ಅಳಿಲಿನ ಚರ್ಮದಡಿಯಲ್ಲಿ ಕಾಣುವ ಬಾಟ್ ನೊಣದ ಹುಳುಗಳೂ ಹೋಗಿರುತ್ತವೆ. ಎಲೆಯುದುರಿ ಕೊಂಬೆ ತೆರವಾಗುತ್ತದೆ. ಚರ್ಮ ಸುಲಿಯುವಾಗ ಕೈಚೀಲ ತೊಡುವುದನ್ನು ಆಗಲೂ ಬಿಡಬಾರದು, ಟುಲರೀಮಿಯ ಎಂಬ ಜ್ವರ ಗಾಯದ ಮೂಲಕ ಅಂಟುವುದುಂಟು.

ನಮ್ಮಲ್ಲಿ ಬೇಟೆಯ ಮಾತಿಲ್ಲ. ಪಶ್ಚಿಮ ಘಟ್ಟದ ಕೆಂದಳಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷೆಯಿದೆ. ಆದರೆ ದಾಂಡೇಲಿಯಲ್ಲಿಯೋ ನಾಗರಹೊಳೆಯಲ್ಲಿಯೋ ಅದನ್ನು ಕಣ್ಣಿನಿಂದ ಬೇಟೆಯಾಡಬೇಕೆನ್ನುವವರಿಗೆ ಕೆಂಟಕಿಯ ವಿದ್ಯೆಯೆಲ್ಲ ಹಾಗೆಯೇ ಸಲ್ಲುತ್ತದೆ: ಹಣ್ಣಾದ ಮರ, ಒರಗಲು ಬೊಡ್ಡೆ, ಮುಂಜಾನೆ. ಬೆದರಿದ ಕೆಂದಳಿಲೂ ಕೊಂಬೆಗೆ ಅಂಟಿಕೊಂಡು ಬಹಳ ಹೊತ್ತು ಮಿಸುಕುವುದಿಲ್ಲ. ಅಷ್ಟು ಹೊತ್ತೂ ಅದರ ಕಣ್ಣು ನಿಮ್ಮ ಮೇಲೆಯೇ ಇರುತ್ತದೆ. ಮಳೆಗಾಲವಾದರೆ ಡೀಟಿನ ಜೊತೆಗೆ ಇಂಬಳದ ಕಾಲುಚೀಲವನ್ನೂ ಮರೆಯದೆ ಹಾಕಿಕೊಂಡು ಹೋಗಿರಿ.