ಮಾರ್ಗ ಬದಲಾದುದನ್ನು ಅರಿಯುವ ಬಗೆ



ಕನ್ನಡ ಅಧ್ಯಾಪಕನಾಗಿದ್ದವನು ನಿಸ್ತಂತು ವಿದ್ಯೆಯ ಬಗೆಗೆ ಮಾತನಾಡಹೊರಟಿರುವುದು ನಿಮಗೆ ಸೋಜಿಗವೆನಿಸಬಹುದು. ಆದರೆ ಆ ವಿದ್ಯೆಯ ಒಂದು ಸಮಸ್ಯೆ, ತಾಳೆಗರಿಯ ಪ್ರತಿಗಳೊಡನೆ ವರ್ಷಗಳನ್ನು ಕಳೆದವನಿಗೆ ತೀರ ಅಪರಿಚಿತವಲ್ಲ.

ನಮ್ಮ ಕೈಯ ಮೊಬೈಲಿಗೂ ದೂರದ ಗೋಪುರಕ್ಕೂ ನಡುವೆ ಇರುವುದು ಒಂದೇ ನೇರ ದಾರಿಯಲ್ಲ. ರೇಡಿಯೋ ಅಲೆಗಳು ಗೋಡೆಗೆ, ಮರಕ್ಕೆ, ಹಾಯುವ ಬಸ್ಸಿಗೆ ತಾಕಿ ಪ್ರತಿಧ್ವನಿಗಳಂತೆ ಬಂದು ಸೇರುತ್ತವೆ. ಕೆಲವೆಡೆ ಅವು ಒಂದನ್ನೊಂದು ಬಲಪಡಿಸುತ್ತವೆ, ಕೆಲವೆಡೆ ಅಳಿಸಿಬಿಡುತ್ತವೆ. ಈ ಮಾರ್ಗದ ಒಟ್ಟು ಗುಣವನ್ನೇ ತಜ್ಞರು ಚಾನೆಲ್ ಎನ್ನುತ್ತಾರೆ.

ಬಹುಕಾಲ ಪೀಡೆಯೆಂದೇ ಬಗೆದಿದ್ದ ಈ ಹಲವು ದಾರಿಗಳನ್ನು ಉಪಕಾರಕ್ಕೆ ತಿರುಗಿಸಿದವರಲ್ಲಿ ಆರೋಗ್ಯಸ್ವಾಮಿ ಪೌಲ್‌ರಾಜ್ ಪ್ರಮುಖರು. ನಮ್ಮ ನೌಕಾದಳದಲ್ಲಿದ್ದು, ಬೆಂಗಳೂರಿನ ಕೃತಕ ಬುದ್ಧಿಮತ್ತೆ ಹಾಗೂ ರೋಬಾಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿ, ಬಳಿಕ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದವರು ಅವರು. 1992ರಲ್ಲಿ ಥಾಮಸ್ ಕೈಲಾತ್ ಅವರೊಡನೆ ಅವರು ಪೇಟೆಂಟಿಗೆ ಸಲ್ಲಿಸಿದ ವಿಚಾರದ ತಿರುಳು ಇದು: ಹಲವು ಆಂಟೆನಾಗಳ ನೆರವಿನಿಂದ ಒಂದೇ ತರಂಗಾಂತರದಲ್ಲಿ, ಒಂದೇ ವೇಳೆಯಲ್ಲಿ, ಬೇರೆ ಬೇರೆ ಸಂದೇಶಗಳನ್ನು ಸಾಗಿಸಬಹುದು. ಆದರೆ ಅವನ್ನು ಬಿಡಿಸಿಕೊಳ್ಳಬೇಕಾದರೆ ಗ್ರಾಹಕಯಂತ್ರ ಪ್ರತಿಯೊಂದು ಮಾರ್ಗವನ್ನೂ ಬಲ್ಲದಾಗಿರಬೇಕು. ಎರಡು ಕಡೆಯೂ 4 ಆಂಟೆನಾಗಳಿದ್ದರೆ 16 ಮಾರ್ಗಗಳು.

ಕಷ್ಟವೆಂದರೆ, ಆ ಮಾರ್ಗಗಳು ನಿಂತಲ್ಲಿ ನಿಲ್ಲವು. ಸೆಕೆಂಡಿಗೆ 200 ಕೋಟಿ ಬಾರಿ ಕಂಪಿಸುವ ಅಲೆಯ ಉದ್ದ 15 ಸೆಂಟಿಮೀಟರ್. ಅದರ ಅರ್ಧದಷ್ಟು ಸರಿದರೆ ಸಾಕು, ಅಲೆಗಳ ಕೂಡಿಕೆ ಬೇರೆಯಾಗಬಲ್ಲದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಅಷ್ಟು ದೂರ ಹೋಗಲು ತಗಲುವ ಕಾಲ, ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕೂವರೆ ಮಾತ್ರ.

ಬದಲಾವಣೆಯನ್ನು ಅರಿಯುವುದೆಂತು? ಹಳಗನ್ನಡ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಪ್ರಾಸನಿಯಮವುಂಟು. ಅಲ್ಲಿ ಏನಿರಬೇಕೆಂಬುದು ಸಂಪಾದಕನಿಗೆ ಮೊದಲೇ ಗೊತ್ತು. ಬೇರೆ ಅಕ್ಷರ ಕಂಡರೆ ನಡುವೆ ಏನೋ ಕೆಟ್ಟಿದೆಯೆಂದು ತಿಳಿಯುತ್ತಾನೆ. ನಿಸ್ತಂತು ಯಂತ್ರಗಳೂ ಸಂದೇಶದ ನಡುನಡುವೆ ಪೈಲಟ್ ಎಂಬ ಪೂರ್ವನಿಶ್ಚಿತ ಸಂಕೇತಗಳನ್ನು ಕಳಿಸುತ್ತವೆ. ಬರಬೇಕಾದದ್ದಕ್ಕೂ ಬಂದದ್ದಕ್ಕೂ ಇರುವ ಅಂತರವೇ ಮಾರ್ಗದ ಸಮಾಚಾರ.

ಆದರೆ ಅಂತರವೆಲ್ಲ ಬದಲಾವಣೆಯಲ್ಲ. ಗ್ರಾಹಕಯಂತ್ರದೊಳಗಿನ ಗದ್ದಲವೂ ಅಂತರವನ್ನು ತರುತ್ತದೆ. ನಾನು ಯುವಕನಾಗಿದ್ದಾಗ ಒಂದೇ ಪ್ರತಿಯನ್ನು ನೆಚ್ಚಿ, ಅಪರಿಚಿತವಾದ ಒಂದು ಶಬ್ದವನ್ನು ತಪ್ಪೆಂದು ತಿದ್ದಿದ್ದೆ. ಮುಂದೆ ದೊರೆತ ಬೇರೆರಡು ಪ್ರತಿಗಳಲ್ಲೂ ಅದೇ ಶಬ್ದವಿತ್ತು. ತಪ್ಪಿದ್ದವನು ನಾನು, ಲಿಪಿಕಾರನಲ್ಲ. ಹಲವು ಆಂಟೆನಾಗಳ ಪ್ರಯೋಜನವೂ ಇಲ್ಲಿಯೇ ಇದೆ. ಒಂದರ ಗದ್ದಲ ಇನ್ನೊಂದರಲ್ಲಿ ಹಾಗೆಯೇ ಕಾಣಿಸದು. ಯಂತ್ರವೇ ಸರಿದಿದ್ದರೆ ಅದರ ಗುರುತು ಎಲ್ಲದರಲ್ಲೂ ಮೂಡೀತು.

ಬ್ರಿಟನ್ನಿನ ಇ. ಎಸ್. ಪೇಜ್ 1954ರಲ್ಲಿ ಕಾರ್ಖಾನೆಯ ತಪಾಸಣೆಗಾಗಿ ಸೂಚಿಸಿದ ಉಪಾಯವೊಂದು ಇಂಥ ಪರೀಕ್ಷೆಗೂ ಒದಗುತ್ತದೆ. ಒಂದೇ ಅಂತರವನ್ನು ಕಂಡು ತೀರ್ಪಿಡದೆ, ಸಣ್ಣಪುಟ್ಟ ಏರುಪೇರಿಗೆ ರಿಯಾಯಿತಿ ಕಳೆದು, ಉಳಿದುದನ್ನು ಕೂಡುತ್ತ ಹೋಗಬೇಕು. ಮೊತ್ತ ಮಿತಿ ಮೀರಿದಾಗ ಮಾತ್ರ ಎಚ್ಚರಿಕೆ. ಮಿತಿಯನ್ನು ತಗ್ಗಿಸಿದರೆ ಹುಸಿ ಎಚ್ಚರಿಕೆಗಳು ಹೆಚ್ಚುತ್ತವೆ. ಏರಿಸಿದರೆ ನಿಜವಾದ ಬದಲಾವಣೆ ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಸಂದೇಶಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಎಡೆಬಿಡದೆ ಪೈಲಟ್‌ಗಳನ್ನೇ ಕಳಿಸೋಣವೆಂದರೆ ಮಾತಿಗೆ ಎಡೆಯಿಲ್ಲ. ಕಳಿಸುವ ಆಂಟೆನಾಗಳು ಹೆಚ್ಚಿದಷ್ಟೂ ಆ ವೆಚ್ಚವೂ ಹೆಚ್ಚು.

ಓಡುವ ಆಂಬುಲೆನ್ಸಿನಿಂದ ರೋಗಿಯ ಹೃದಯದ ದಾಖಲೆ ವೈದ್ಯರಿಗೆ ಹೋಗಬೇಕಾದಾಗ ಈ ಲೆಕ್ಕ ಕೇವಲ ಗಣಿತವಲ್ಲ. ನಿನ್ನೆಯ ತಿಳಿವು ಇಂದಿಗೆ ಸಲ್ಲುವುದೇ ಎಂದು ಆಗಾಗ ಕೇಳಿಕೊಳ್ಳುವುದು ವಿದ್ವಾಂಸನಿಗೆ ಒಳ್ಳೆಯ ಅಭ್ಯಾಸ. ಆ ಯಂತ್ರಕ್ಕೋ ಕ್ಷಣದ ಹಿಂದಿನ ತಿಳಿವೂ ಹಳತು. ಕೇಳಿಕೊಳ್ಳದೆ ಅದಕ್ಕೆ ಗತಿಯಿಲ್ಲ.