ಉಪಾಧ್ಯಾಯರ ವೇತನವೂ ಬಹುಮಾನವೂ

ಉತ್ತಮ ಉಪಾಧ್ಯಾಯರಿಗೆ ಅಧಿಕ ವೇತನ ಸಲ್ಲಬೇಕೆಂಬುದನ್ನು ನಾವೆಲ್ಲರೂ ಒಪ್ಪುವೆವಷ್ಟೆ. ಅದನ್ನು ಸಲ್ಲಿಸುವ ಬಗೆ ಹೇಗೆಂಬುದೇ ವಿಚಾರಣೀಯವಾದ ಸಂಗತಿ. ಅಮೆರಿಕದ ಡೆನ್ವರ್ ನಗರದಲ್ಲಿ ಇದರ ಪ್ರಯೋಗವೊಂದು ನಡೆಯಿತು. 2004ರಲ್ಲಿ ಉಪಾಧ್ಯಾಯರ ಸಂಘವೇ ಹೊಸ ವೇತನಪದ್ಧತಿಗೆ ಸಮ್ಮತಿಯಿತ್ತಿತು. 2005ರಲ್ಲಿ ಪೌರರು ಅದಕ್ಕಾಗಿ ವರ್ಷಕ್ಕೆ 2.5 ಕೋಟಿ ಡಾಲರುಗಳ ತೆರಿಗೆಯನ್ನು ಹೊರಲು ಮತವಿತ್ತರು. ವಿದ್ಯಾರ್ಥಿಗಳ ಪ್ರಗತಿಗೂ ಬಡಮಕ್ಕಳ ಶಾಲೆಗಳಲ್ಲಿನ ಸೇವೆಗೂ ಬೇರೆ ಬೇರೆ ಬಹುಮಾನಗಳು ಗೊತ್ತಾದವು. ಮುಂದೆ ಕೆಲವರು ದಿನದ ಒಂದು ಭಾಗ ಪಾಠ ಹೇಳಿ, ಉಳಿದ ವೇಳೆಯಲ್ಲಿ ಸಹೋದ್ಯೋಗಿಗಳಿಗೆ ಮಾರ್ಗದರ್ಶಕರಾದರು. ತರಗತಿಯನ್ನು ತೊರೆಯದೆ ಮುಂದಾಳಾಗುವ ಈ ದಾರಿ ಮೆಚ್ಚತಕ್ಕದ್ದೇ ಸರಿ.

ಆದರೆ ಬಹುಮಾನದ ಮೊತ್ತವು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತಿದ್ದಿತು. ಬರುವ ವರ್ಷ ಕೈಗೆ ಎಷ್ಟು ಬರುವುದೆಂದು ತಿಳಿಯದವನು ಸಂಸಾರವನ್ನು ತೂಗಿಸುವುದೆಂತು? ಸಂಧಾನಗಳು ಮುರಿದುಬಿದ್ದು, 2019ರ ಫೆಬ್ರವರಿ 11ರಂದು ಉಪಾಧ್ಯಾಯರು ಮುಷ್ಕರ ಹೂಡಿದರು. ಮೂರು ದಿನಗಳ ತರುವಾಯ ಒಪ್ಪಂದವಾಯಿತು. ಮೂಲವೇತನವು ಶೇಕಡ 7ರಿಂದ 11ರವರೆಗೆ ಏರಿತು. 20 ಮೆಟ್ಟಿಲುಗಳ ಸ್ಪಷ್ಟವಾದ ಶ್ರೇಣಿ ಏರ್ಪಟ್ಟಿತು. ಬಡಮಕ್ಕಳ ಶಾಲೆಗಳ ಬಹುಮಾನವೂ ಉಳಿಯಿತು.

ಬಹುಮಾನವು ಊಟದಲ್ಲಿನ ಪಾಯಸದಂತೆ. ಅನ್ನವಿಲ್ಲದ ಎಲೆಗೆ ಪಾಯಸವನ್ನಷ್ಟೇ ಬಡಿಸಿ, ಉಪಚಾರ ಮಾಡಿದೆವೆಂದು ನಾವು ಹೇಳಿಕೊಳ್ಳಲಾಗದು.